ದೊಡ್ಡಮ್ಮನ ಬಾಯಿ ಕಟ್ಟಿದ ಮೇಸ್ತ್ರಿ

ಕೆಲವರು ಒಂದು ಮೊಳೆ ಹೊಡೆಯುವುದಕ್ಕೂ ಹತ್ತು ಜನರನ್ನು ಕೂಗಿ ಕರೆಯುತ್ತಾರೆ. ಈ ಕಥೆಯ ಬಡಗಿ ಆ ಪೈಕಿಯವನಲ್ಲ. ಅವನು ಕೂರಿಸಿದ ಬಾಗಿಲು ಕಿರ್ರೆನ್ನುವುದಿಲ್ಲ. ಅವನು ಮಾಡಿದ ಡ್ರಾಯರ್ ಎಳೆದದ್ದೂ ಗೊತ್ತಾಗುವುದಿಲ್ಲ, ನೂಕಿದ್ದೂ ಗೊತ್ತಾಗುವುದಿಲ್ಲ. ಅವನ ಕೈಯ ಮಂಚವಂತೂ ಎಂಥ ಭಾರಿ ಆಸಾಮಿ ಮಗ್ಗುಲು ಬದಲಿಸಿದರೂ ತುಟಿ ಪಿಟಕ್ಕೆನ್ನುವುದಿಲ್ಲ. "ಸದ್ದು ಮಾಡೋ ಮರ ಅಂದ್ರೆ ಅಳೋ ಮಗು ಇದ್ದಂಗೆ. ಎಲ್ಲೋ ನೋಯ್ತಿದೆ ಅಂತ ಅರ್ಥ" ಎನ್ನುವುದು ಅವನ ಒಂದೇ ಒಂದು ವೇದಾಂತ. ಹೀಗಾಗಿ ಅವನಿಗೆ ಸದ್ದಿಲ್ಲದ ಮೇಸ್ತ್ರಿ ಅಂತಲೇ ಹೆಸರು ಬಿದ್ದಿತ್ತು.

ಆದರೆ ಇಂಥ ಕೆಲಸದಲ್ಲಿ ಒಂದು ಕಷ್ಟವಿದೆ. ಕಿರುಗುಟ್ಟುವ ಬಾಗಿಲನ್ನು ಮನೆಮಂದಿಯೆಲ್ಲ ಬೈಯುತ್ತಾರೆ, ಸರಿ. ಕಿರುಗುಟ್ಟದ ಬಾಗಿಲನ್ನು ನಿಂತು ಹೊಗಳುವ ಪುಣ್ಯಾತ್ಮ ಎಲ್ಲಿದ್ದಾನೆ ಹೇಳಿ? ನಲವತ್ತು ವರ್ಷ ಉಳಿ ಹಿಡಿದ ಮೇಸ್ತ್ರಿಗೆ ಒಂದು ಚಪ್ಪಾಳೆ ಬಿದ್ದದ್ದಿಲ್ಲ. ಅವನೂ ಕೇಳಿದವನಲ್ಲ. ಅವನ ನಡಿಗೆಯೂ ಹಾಗೆಯೇ, ಬೆಕ್ಕಿನ ಹೆಜ್ಜೆ. ಸಂಜೆ ಮನೆಗೆ ಬಂದು ಹಿಂದೆ ನಿಂತರೆ, ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಂಡತಿ ದಿನವೂ ಬೆಚ್ಚಿಬೀಳಬೇಕು. "ಅಯ್ಯಪ್ಪಾ! ಒಂದು ಕೆಮ್ಮಾದ್ರೂ ಕೆಮ್ಮಿ ಬರಬಾರ್ದೇನ್ರೀ? ಮೂವತ್ತೊಂದು ವರ್ಷದಿಂದ ದೆವ್ವದ ಜೊತೆ ಸಂಸಾರ ಮಾಡ್ತಿದೀನಿ" ಎಂದು ಅವಳು ಎದೆ ಹಿಡಿದುಕೊಂಡು ಬೈಯುವುದು, ಇವನು ನಗುವುದು, ಇದು ಆ ಮನೆಯ ನಿತ್ಯದ ಪಾಠ.

ನಿಜವಾದ ದೆವ್ವದ ಜೊತೆ ಸಂಸಾರ ಮಾಡುತ್ತಿದ್ದವಳು ಮೇಸ್ತ್ರಿಯ ಅಕ್ಕ. ತಾಯಿ ತೀರಿಕೊಂಡಾಗ ತಮ್ಮನಿಗೆ ಆರು ವರ್ಷ, ಅಕ್ಕನಿಗೆ ಹದಿನೈದು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ತಮ್ಮನಿಗೆ ಮಾತು ಎಷ್ಟು ಕಡಿಮೆಯೋ ಅಕ್ಕನಿಗೆ ಅಷ್ಟು ಹೆಚ್ಚು. ಅವಳು ಗುಟ್ಟು ಹೇಳಿದರೆ ಪಕ್ಕದ ಬೀದಿಯವರು ಉತ್ತರ ಕೊಡುತ್ತಿದ್ದರು. ಆ ಗಂಟಲಿಗೆ ತಕ್ಕ ಕೆಲಸವೇ ಅವಳಿಗೆ ಸಿಕ್ಕಿತ್ತು. ಬೀದಿಯ ಕೊನೆಗೆ ಒಂದು ಹಳೆಯ ಮಹಡಿ ಮನೆ. ಅಲ್ಲಿ ದೆವ್ವವಿದೆ ಎಂದು ನಾಲ್ಕು ಊರಿಗೆ ಗೊತ್ತು. ಜನ ಟಿಕೆಟ್ ಕೊಂಡು ನೋಡಲು ಬರುತ್ತಾರೆ, ಅಕ್ಕ ಅವರನ್ನು ಒಳಗೆ ಕರೆದುಕೊಂಡು ಹೋಗಿ ಕಥೆ ಹೇಳುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಅದೇ ಮನೆಯ ಹಿಂದಿನ ಕೋಣೆಯಲ್ಲಿ ಅವಳ ವಾಸ.

ಕಥೆ ಇಷ್ಟೆ. ಆ ಮನೆಯ ಯಜಮಾನಿ ದೊಡ್ಡಮ್ಮನಿಗೆ ಕದ ಹಾಕಿದೆಯೋ ಇಲ್ಲವೋ ಎಂಬ ಅನುಮಾನದ ರೋಗ. ದಿನಾ ಸಂಜೆ ಮನೆಯ ಒಂದೊಂದೇ ಬಾಗಿಲನ್ನು ಎಳೆದು ನೋಡುತ್ತಾ, ಕೊನೆಗೆ ಹದಿನೇಳು ಮೆಟ್ಟಿಲು ಹತ್ತಿ ಮಹಡಿಯ ಬಾಗಿಲು ನೋಡಿದರೇನೇ ಅವಳಿಗೆ ಸಮಾಧಾನ. ಒಂದು ದಿನ ಕೆಳಗಿನ ಬಾಗಿಲುಗಳನ್ನೆಲ್ಲ ನೋಡಿ ಮುಗಿಸಿ, ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟವಳು ಅಲ್ಲೇ ಕುಸಿದು ಪ್ರಾಣ ಬಿಟ್ಟಳು. ಮಹಡಿಯ ಬಾಗಿಲೊಂದು ಬಾಕಿ ಉಳಿಯಿತು. ಅದಕ್ಕೇ ಈಗಲೂ ಹತ್ತಿ ಬರುತ್ತಾಳಂತೆ.

ಅಕ್ಕ ಜನರನ್ನೆಲ್ಲ ಮಹಡಿಗೆ ಹತ್ತಿಸಿ, ಬೆಂಚಿನ ಮೇಲೆ ಕೂರಿಸಿ, ಇದನ್ನು ಹೇಳಿ ಮುಗಿಸಿ, ಬಾಯಿಗೆ ಬೆರಳಿಟ್ಟು ಸುಮ್ಮನಾಗುತ್ತಿದ್ದಳು. ಆಗ ಯಾರೂ ಇಲ್ಲದ ಮೆಟ್ಟಿಲು ಕೆಳಗಿನಿಂದ ಒಂದೊಂದಾಗಿ ಸದ್ದು ಮಾಡುತ್ತಿತ್ತು. ಕಿರ್. ಟಕ್. ಕೊನೆಗೆ ಬಾಗಿಲು ತಾನೇ ತಾನಾಗಿ ತೆರೆದುಕೊಳ್ಳುತ್ತಿತ್ತು. ಗಂಡಸರೂ ಹೆಂಡಿರ ಕೈ ಹಿಡಿದುಕೊಳ್ಳುತ್ತಿದ್ದರು. ಯಾವ ಬಡಗಿಯ ಕಣ್ಣಿಗೂ ಇದರಲ್ಲಿ ಪವಾಡವೇನೂ ಇಲ್ಲ. ಇಪ್ಪತ್ತು ಜನ ತುಳಿದು ಬಗ್ಗಿಸಿದ ಹಳೆಯ ಹಲಗೆ ಸ್ವಲ್ಪ ಹೊತ್ತಿಗೆ ಮೈಮುರಿದು ಮೇಲೇಳುತ್ತದೆ. ಮೊದಲು ತುಳಿದ ಕೆಳಗಿನ ಮೆಟ್ಟಿಲು ಮೊದಲು ಏಳುತ್ತದೆ. ಬಾಗಿಲೂ ಅಷ್ಟೆ, ಚೌಕಟ್ಟು ವಾಲಿದ್ದರಿಂದ ಆ ಅಲುಗಾಟಕ್ಕೆ ತೆರೆದುಕೊಳ್ಳುತ್ತದೆ. ಆದರೆ ನಮ್ಮ ಮೇಸ್ತ್ರಿ ಅಕ್ಕನ ಆಟ ಕೂತು ನೋಡಿದವನೇ ಅಲ್ಲ. ದೆವ್ವದ ಕಥೆ ಎಂದರೆ ಅವನಿಗೆ ಚಿಕ್ಕಂದಿನಿಂದಲೂ ಪುಕುಪುಕು.

ಒಂದು ಸಲ ಅಕ್ಕ ನಾಲ್ಕು ದಿನ ಚಿಕ್ಕಮ್ಮನ ಊರಿಗೆ ಹೊರಟಳು. "ಮಹಡಿ ಕಿಟಕಿ ಚೌಕಟ್ಟು ಕೊಳೆತಿದೆ ಕಣೋ. ಅದೊಂದು ಬದಲಾಯಿಸಿಬಿಡು" ಎಂದು ಬೀಗದ ಕೈ ಕೊಟ್ಟು ಹೋದಳು. ಮೇಸ್ತ್ರಿ ಕಿಟಕಿಯನ್ನು ಅರ್ಧ ದಿನದಲ್ಲಿ ಮುಗಿಸಿದ. ಇಳಿಯುವಾಗ ಮೆಟ್ಟಿಲು ಕಿರುಗುಟ್ಟಿತು. ಅವನು ಬಗ್ಗಿ ಹಲಗೆ ತಟ್ಟಿ ನೋಡಿದ. ಅರವತ್ತೇಳು ವರ್ಷದ ಅಕ್ಕ, ಮಂಡಿನೋವು ಬೇರೆ, ಈ ಲೊಡಲೊಡ ಮೆಟ್ಟಿಲನ್ನು ದಿನಕ್ಕೆ ಮೂರು ಸಲ ಹತ್ತಬೇಕೇ? ನನ್ನಂಥ ತಮ್ಮ ಇದ್ದೂ ಏನು ಪ್ರಯೋಜನ?

ಉಳಿದ ಮೂರು ದಿನ ಅವನು ಊಟ ಮರೆತು ಕೂತ. ಮೆಟ್ಟಿಲಡಿ ತೂರಿ ಒಂದೊಂದು ಹಲಗೆಗೂ ಬೆಣೆ ಹೊಡೆದು ಅಂಟು ಹಾಕಿದ. ಸಂದಿಗೆಲ್ಲ ಮೇಣ ಉಜ್ಜಿದ. ಬಾಗಿಲನ್ನು ಕಳಚಿ, ತೂಕದ ಗುಂಡು ಇಳಿಬಿಟ್ಟು ನೋಡಿ, ನೂಲು ಹಿಡಿದಂತೆ ನೆಟ್ಟಗೆ ಕೂರಿಸಿದ. ಕೊನೆಗೆ ಮೆಟ್ಟಿಲ ಮೇಲೆ ತಾನೇ ಕುಣಿದು ನೋಡಿದ. ಒಂದು ಚಿಟಿಕೆ ಸದ್ದಿಲ್ಲ! ಅಕ್ಕ ನೋಡಿ ಕುಣಿದಾಡುತ್ತಾಳೆ ಎಂದುಕೊಂಡು ಸಂತೋಷದಿಂದ ಮನೆಗೆ ಹೋಗಿ ಮಲಗಿದ. ಗಣಪತಿ ಮಾಡು ಅಂದರೆ ಅವರಪ್ಪನನ್ನು ಮಾಡಿಟ್ಟಿದ್ದ, ಪಾಪ, ಅವನಿಗೇನು ಗೊತ್ತು!

ಬುಧವಾರ ಅಕ್ಕ ಬಂದವಳೇ ಹದಿನಾರು ಜನರನ್ನು ಮಹಡಿಗೆ ಹತ್ತಿಸಿ ಕೂರಿಸಿದಳು. ಕಥೆ ಹೇಳಿದಳು. ಬಾಯಿಗೆ ಬೆರಳಿಟ್ಟಳು. ಒಂದು ನಿಮಿಷವಾಯಿತು, ಐದಾಯಿತು. ಮೂಲೆಯಲ್ಲೊಬ್ಬ ಆಕಳಿಸಿದ.

"ಯಾವಾಗ ಬರ್ತಾರಮ್ಮಾ ಅವ್ರು?" ಎಂದು ಒಬ್ಬ ಹೆಂಗಸು ಮೆಲ್ಲಗೆ ಕೇಳಿದಳು.

"ಇವತ್ತು ದೊಡ್ಡಮ್ಮಂಗೆ ಮೈ ಸರಿ ಇಲ್ಲ ಅಂತ ಕಾಣುತ್ತೆ" ಎಂದಳು ಅಕ್ಕ. ಜನ ನಕ್ಕರು. ನಕ್ಕವರು ಸುಮ್ಮನೆ ಹೋಗಿದ್ದರೆ ಸರಿಯಿತ್ತು. ಅವರಲ್ಲಿಬ್ಬರು ಮನೆಯ ಈಗಿನ ಒಡೆಯರಿಗೆ ಫೋನ್ ಮಾಡಿ ದೂರು ಕೊಟ್ಟರು. ಒಡೆಯರು ಸಂಜೆಯೇ ಅಕ್ಕನಿಗೆ ಫೋನ್ ಮಾಡಿದರು. "ಭಾನುವಾರ ನಾನೇ ನಲವತ್ತು ಜನ ನೆಂಟರನ್ನ ಕರ್ಕೊಂಡು ಬರ್ತೀನಮ್ಮ. ದೆವ್ವ ಇದ್ರೆ ಮನೆ ಇರುತ್ತೆ. ಇಲ್ಲದಿದ್ರೆ ಕೆಡವಿ ಅಂಗಡಿ ಕಟ್ಟೋಕೆ ಒಬ್ರು ಕೇಳ್ತಿದಾರೆ, ಕೊಟ್ಬಿಡ್ತೀನಿ."

ಅಕ್ಕ ನೇರ ತಮ್ಮನ ಕೆಲಸದ ಶೆಡ್ಡಿಗೆ ಬಂದಳು. "ಮೆಟ್ಟಿಲಿಗೆ ಏನು ಮಾಡ್ದೆ?"

"ಹೆಂಗಿದೆ ಅಕ್ಕಾ?" ಎಂದು ಅವನು ಹಲ್ಲು ಬಿಟ್ಟ.

"ನಿನ್ನ ಮನೆ ಕಾಯ್ವಾಗ! ದೊಡ್ಡಮ್ಮನ ಬಾಯಿ ಕಟ್ಟಿಬಿಟ್ಯಲ್ಲೋ! ಬಾಯಿಲ್ಲದ ದೆವ್ವ ಇಟ್ಕೊಂಡು ನಾನು ಎಲ್ಲಿಗೆ ಹೋಗ್ಲಿ?" ಎಂದವಳು ರಂದದಿಂದ ಹೆರೆದ ಮರದ ಹೊಟ್ಟಿನ ರಾಶಿಯ ಮೇಲೆ ಕುಕ್ಕರಿಸಿ ಎಲ್ಲ ಹೇಳಿದಳು. ಮೇಸ್ತ್ರಿ ಕೈಯಲ್ಲಿದ್ದ ಉಳಿ ಕೆಳಗಿಟ್ಟ. ಅಕ್ಕನ ಕಣ್ಣಲ್ಲಿ ನೀರು ನೋಡಿ ಅವನಿಗೆ ವರ್ಷಗಳಾಗಿದ್ದವು. ತನ್ನನ್ನು ಸೊಂಟದ ಮೇಲೆ ಹೊತ್ತವಳ ತಲೆಯ ಮೇಲಿನ ಸೂರನ್ನು ತಾನೇ, ಅದೂ ಪ್ರೀತಿಯಿಂದ, ಕಿತ್ತಿದ್ದ.

"ಅಳಬೇಡ ಅಕ್ಕ. ಭಾನುವಾರದೊಳಗೆ ಸರಿ ಮಾಡ್ತೀನಿ" ಎಂದ. ಸರಿ ಮಾಡುವುದು ಅಂದರೆ ಇಲ್ಲಿ ಕೆಡಿಸುವುದು ಎಂದು ಹೊಳೆದು ತಾನೇ ತಲೆ ಕೆರೆದುಕೊಂಡ.

ಕೆಡಿಸುವುದೇನು ಮಹಾ ಎನ್ನುತ್ತೀರಾ? ಗುರುವಾರ ಇಡೀ ದಿನ ಅವನು ತಾನೇ ಹೊಡೆದ ಬೆಣೆಯ ಜೊತೆ ಜಗಳವಾಡಿದ. ತನ್ನ ಅಂಟನ್ನೂ ತನ್ನ ಕೈಯನ್ನೂ ಬಾಯಿಗೆ ಬಂದ ಹಾಗೆ ಬೈದ. ಸಂಜೆಯ ಹೊತ್ತಿಗೆ ಬೆಣೆಗಳೆಲ್ಲ ಹೊರಬಿದ್ದವು, ಹಳೆಯ ಸದ್ದು ಮಾತ್ರ ಬರಲಿಲ್ಲ. ಮೇಣ ಉಜ್ಜಿಸಿಕೊಂಡ ಮರ ಸುಖವಾಗಿ ಸುಮ್ಮನಿತ್ತು. ಶುಕ್ರವಾರ ಅವನು ಬಾಗಿಲನ್ನು ಮೊದಲಿನಂತೆ ವಾಲಿಸಿ ಕೂರಿಸಿ, ಮೆಟ್ಟಿಲ ಮೇಣ ಕೆರೆದು, ಸಂದಿಗಳಿಗೆ ರಾಳದ ಪುಡಿ ತುಂಬಿದ. ರಾಳ ಬಿದ್ದರೆ ಮರಕ್ಕೆ ಮರ ಜಾರದೆ ಹಿಡಿದು ಹಿಡಿದು ಬಿಡುತ್ತದೆ, ಹಾಗೆ ಬಿಡುವಾಗ ಕೂಗುತ್ತದೆ. ರಾಳ ಮೂಗಿಗೆ ಹೋದರೆ ಮೇಸ್ತ್ರಿಯೂ ಕೂಗುತ್ತಾನೆ. ಸಾಲಾಗಿ ಎಂಟು ಸೀನು!

ಅಕ್ಕ ಮೆಟ್ಟಿಲ ತುದಿಯಲ್ಲಿ ಕಣ್ಣು ಮುಚ್ಚಿ ಕುಳಿತು ತೀರ್ಪು ಕೊಟ್ಟಳು.

"ಇದು ಬಾತುಕೋಳಿ."

ಅವನು ಇನ್ನೊಂದು ಚಿಟಿಕೆ ರಾಳ ಹಾಕಿ ತುಳಿದ.

"ಇದು ಹಸಿದ ಬೆಕ್ಕು. ದೊಡ್ಡಮ್ಮ ಮರ್ಯಾದಸ್ಥೆ ಕಣೋ, ಹಂಗೆಲ್ಲ ಕಿರುಚಲ್ಲ."

"ಮತ್ತೆ ಹೆಂಗಿರ್ಬೇಕು, ನೀನೇ ಹೇಳು!" ಎಂದು ಮೇಸ್ತ್ರಿ ರೇಗಿದ. ಅಕ್ಕ ಹೇಳಿಯೇಬಿಟ್ಟಳು. ಮೊದಲ ಮೆಟ್ಟಿಲಿಂದ ಶುರುಮಾಡಿ ಹದಿನೇಳರವರೆಗೂ ಒಂದೊಂದರ ಸದ್ದನ್ನೂ ಬಾಯಲ್ಲಿ ಮಾಡಿ ತೋರಿಸಿದಳು. ಒಂದು ಟಕ್, ಒಂದು ಕಿರ್, ಐದನೆಯದು ಬಾಣಂತಿ ನರಳಿದ ಹಾಗೆ, ಹನ್ನೊಂದನೆಯದು ಮುದುಕ ಗಂಟಲು ಸರಿಮಾಡಿಕೊಂಡ ಹಾಗೆ. ಇಪ್ಪತ್ತೆರಡು ವರ್ಷ ಕೇಳಿದ ಕಿವಿ! ಜೀವಮಾನವೆಲ್ಲ ಸದ್ದು ಅಡಗಿಸಿಯೇ ಬದುಕಿದ ಮೇಸ್ತ್ರಿ, ಪೆನ್ಸಿಲ್ ಹಿಡಿದು ಪ್ರತಿ ಮೆಟ್ಟಿಲ ಅಡಿಯಲ್ಲಿ ಅದರದರ ಸದ್ದು ಬರೆದುಕೊಂಡ. ಅರ್ಧಕ್ಕೆ ಬರುವಷ್ಟರಲ್ಲಿ ಇಬ್ಬರಿಗೂ ನಗು ತಡೆಯಲಾಗದೆ, ಮೆಟ್ಟಿಲ ಮೇಲೇ ಹೊಟ್ಟೆ ಹಿಡಿದುಕೊಂಡು ಕುಳಿತರು.

ಶನಿವಾರ ಭಾರ ಬೇಕಾಯಿತು. ಜನ ತುಳಿಯದೆ ಹಲಗೆ ಬಗ್ಗುವುದಿಲ್ಲವಲ್ಲ. ಮೇಸ್ತ್ರಿಯ ಹೆಂಡತಿ ತನ್ನ ಹೊಲಿಗೆ ತರಗತಿಯ ಇಪ್ಪತ್ತು ಹೆಂಗಸರನ್ನೂ ಹೊರಡಿಸಿಕೊಂಡು ಬಂದಳು. ಹತ್ತಿದರು, ಕೂತರು, ಕಾದರು, ಇಳಿದರು. ಹೀಗೆ ಒಂಬತ್ತು ಸಲ. "ದೆವ್ವ ಬರುತ್ತೋ ಇಲ್ವೋ, ನಮ್ ಸೊಂಟ ಅಂತೂ ಇಳೀತು" ಎಂದು ಅವರು ನಕ್ಕಿದ್ದೇ ನಕ್ಕಿದ್ದು. ಒಂಬತ್ತನೆಯ ಸಲ ಮೆಟ್ಟಿಲು ತಾನಾಗಿ ಮಾತಾಡಿತು. ಬಾಗಿಲೂ ವಾಲಿಕೊಂಡು ತೆರೆಯಿತು. ಆದರೆ ಏಳನೆಯ ಮೆಟ್ಟಿಲು ಮಾತ್ರ ಏನು ಮಾಡಿದರೂ ಮೂಕ. ಅಂಟು ಮರದೊಳಗೇ ಇಳಿದುಬಿಟ್ಟಿತ್ತು.

"ಒಡೆದು ಹಾಕ್ಲಾ?" ಎಂದ ಮೇಸ್ತ್ರಿ.

"ಬಿಡು. ಅದನ್ನ ನಾನು ನೋಡ್ಕೋತೀನಿ" ಎಂದಳು ಅಕ್ಕ.

ಭಾನುವಾರ ಒಡೆಯರು ನಲವತ್ತು ಜನರೊಂದಿಗೆ ಬಂದರು. ಮೇಸ್ತ್ರಿ ಕೊನೆಯ ಸಾಲಿನಲ್ಲಿ, ಹೆಂಡತಿಯ ಪಕ್ಕ ಮುದುರಿಕೊಂಡು ಕುಳಿತ. ಅಕ್ಕ ದೊಡ್ಡಮ್ಮನ ಕಥೆಯನ್ನೆಲ್ಲ ಹೇಳಿದಳು. ಆಮೇಲೆ ಅವನು ಕೇಳಿಯೇ ಇರದ ಇನ್ನೊಂದು ಕಥೆ ಶುರುಮಾಡಿದಳು.

"ಒಂದ್ಸಲ ಒಬ್ಬ ಮೇಸ್ತ್ರಿ ಬಂದ. ದೊಡ್ಡಮ್ಮನ ಬಾಯಿ ಕಟ್ತೀನಿ ಅಂತ ಹೊರಟ. ಮೂರು ದಿನ ಬೆಣೆ ಹೊಡೆದ. ಮೂರನೇ ದಿನ ಸಂಜೆ ನೋಡಿದ್ರೆ ಏಳನೇ ಮೆಟ್ಟಿಲ ಮೇಲೆ ಕೂತ ಹಾಗೇ ತಣ್ಣಗಾಗಿದ್ದ! ಪಾಪ, ಒಳ್ಳೆ ಮನುಷ್ಯ. ಇಡೀ ಊರಲ್ಲಿ ಅಂಥ ಕೆಲಸಗಾರ ಇರ್ಲಿಲ್ಲ. ಅವನ ಕೈ ಬಂಗಾರದ ಕೈ. ಆವತ್ತಿಂದ ದೊಡ್ಡಮ್ಮ ಮರ್ಯಾದೆ ಕೊಟ್ಟು ಏಳನೇ ಮೆಟ್ಟಿಲು ತುಳಿಯಲ್ಲ. ಬೇಕಾದ್ರೆ ಎಣಿಸಿ."

ಮೇಸ್ತ್ರಿ ಬಾಯಿ ಬಿಟ್ಟುಕೊಂಡು ಕುಳಿತ. ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಗು ನುಂಗುತ್ತಿದ್ದಳು. ಆಗ ಕೆಳಗಿನ ಮೆಟ್ಟಿಲು ಟಕ್ ಎಂದಿತು. ಜನ ಬೆರಳು ಮಡಚತೊಡಗಿದರು. ಎರಡು, ಮೂರು, ನಾಲ್ಕು. ಐದು ನರಳಿತು. ಆರು. ಏಳು ಪಿಟಕ್ಕೆನ್ನಲಿಲ್ಲ. ನಲವತ್ತು ಜನರ ಉಸಿರು ನಿಂತಿತ್ತು. ಎಂಟನೆಯದು ಕಿರ್ ಎಂದಾಗ ಯಾರೋ "ಅಮ್ಮಾ" ಎಂದರು. ಹದಿನೇಳಾಗಿ ಬಾಗಿಲು ಮೆಲ್ಲಗೆ ತೆರೆದುಕೊಂಡಿತು.

ಒಡೆಯರು ಹಣೆ ಒರೆಸಿಕೊಂಡು ಕೇಳಿದರು, "ಆ ಮೇಸ್ತ್ರೀನೂ ದೆವ್ವ ಆಗಿದಾನೇನಮ್ಮ?"

"ಆಗಿರಬೋದು ಸ್ವಾಮಿ. ಆದ್ರೆ ಬದುಕಿದ್ದಾಗ್ಲೇ ಸದ್ದು ಮಾಡ್ದೋನಲ್ಲ. ಈಗ ಇಲ್ಲೇ ನಿಮ್ಮ ಬೆನ್ನ ಹಿಂದೆ ಕೂತಿದ್ರೂ ಯಾರಿಗೂ ಗೊತ್ತಾಗಲ್ಲ."

ಬೇಕೆಂದು ಮಾಡಿದ್ದಲ್ಲ, ದೇವರಾಣೆ. ರಾಳದ ಪುಡಿ ಗಾಳಿಯಲ್ಲಿತ್ತು, ಕೊನೆಯ ಸಾಲಿನಿಂದ ಒಂದು ಸೀನು ಸಿಡಿಯಿತು. ನಲವತ್ತು ಜನ ಒಟ್ಟಿಗೆ ಕಿರುಚಿದರು. ಒಡೆಯರು ಅಕ್ಕನ ಎರಡೂ ಕೈ ಹಿಡಿದುಕೊಂಡುಬಿಟ್ಟಿದ್ದರು. ಆಮೇಲೆ ಎಲ್ಲರಿಗೂ ನಗು ಬಂತು, ನಗುವಿನ ಹಿಂದೆ ಚಪ್ಪಾಳೆ ಬಂತು. ಮಹಡಿಯ ಗೋಡೆಗಳು ಅದುರುವಂಥ ಚಪ್ಪಾಳೆ.

"ಈ ಮನೆ ಕೆಡವೋ ಮಾತೇ ಇಲ್ಲ. ನೀನಿರೋ ತನಕ ಇದು ಹೀಗೇ ಇರ್ಲಿ" ಎಂದರು ಒಡೆಯರು, ಇನ್ನೂ ಅಕ್ಕನ ಕೈ ಬಿಡದೆ. ಅಕ್ಕ ಕೊನೆಯ ಸಾಲಿನತ್ತ ನೋಡಿದಳು. ಸತ್ತವನು ಕಣ್ಣೊರೆಸಿಕೊಳ್ಳುತ್ತಿದ್ದ. ಅವನ ನಲವತ್ತು ವರ್ಷದ ಕೆಲಸಕ್ಕೆ ಬಿದ್ದ ಮೊದಲ ಚಪ್ಪಾಳೆ ಅದು.

ಹೊರಗೆ ಬಂದ ಮೇಲೆ ಅವನು ಅಕ್ಕನನ್ನು ತರಾಟೆಗೆ ತೆಗೆದುಕೊಂಡ. "ನನ್ನನ್ನ ಸಾಯಿಸಿಬಿಟ್ಯಲ್ಲೇ!"

"ದಿನಕ್ಕೆ ಮೂರು ಸಲ ಸಾಯ್ತೀಯ. ಮೂರು ಸಲಾನೂ ಹೊಗಳ್ತೀನಲ್ಲೋ" ಎಂದಳು ಅಕ್ಕ.

ಅಂದು ಮನೆಗೆ ನಡೆದು ಹೋಗುವಾಗ ಹೆಂಡತಿ ದಾರಿಯುದ್ದಕ್ಕೂ ನಗುತ್ತಲೇ ಇದ್ದಳು. ಬಾಗಿಲ ಹತ್ತಿರ ಬಂದಾಗ ನಗು ನಿಲ್ಲಿಸಿ, "ರೀ, ಒಂದು ಮಾತು. ಸ್ವಲ್ಪ ರಾಳ ಉಳಿದಿದ್ರೆ ಈ ಬಾಗಿಲಿಗೂ ಹಾಕಿ. ನೀವು ಮನೆಗೆ ಬಂದ್ರಿ ಅಂತ ನಂಗೂ ಗೊತ್ತಾಗ್ಲಿ" ಎಂದಳು. ಮೇಸ್ತ್ರಿ ಅವಳ ಮುಖ ನೋಡಿದ. ತಮಾಷೆಗೆ ಹೇಳಿದ್ದಲ್ಲ.

ಮರುದಿನ ಬೆಳಿಗ್ಗೆ ಅವನು ಕೆಲಸಕ್ಕೆ ಹೊರಡುವ ಮೊದಲು ತನ್ನ ಮನೆಯ ಬಾಗಿಲನ್ನು ಕಳಚಿ, ಕೀಲಿನ ಎಣ್ಣೆ ಒರೆಸಿ, ರಾಳ ಹಚ್ಚಿ ಕೂರಿಸಿದ. ಸಂಜೆ ಬಂದು ನೂಕಿದಾಗ ಬಾಗಿಲು ಬೀದಿಗೆಲ್ಲ ಕೇಳುವ ಹಾಗೆ ಕಿರ್ರೆಂದಿತು. ಒಳಗೆ ಹೊಲಿಗೆ ಯಂತ್ರ ನಿಂತಿತು.

"ಬಂದ್ರಾ?" ಎಂದು ಹೆಂಡತಿ ಅಲ್ಲಿಂದಲೇ ಕೂಗಿದಳು.

ಮೂವತ್ತೊಂದು ವರ್ಷದಲ್ಲಿ ಆ ಮಾತು ಅವನ ಕಿವಿಗೆ ಬಿದ್ದದ್ದು ಅದೇ ಮೊದಲು. "ಬಂದೆ ಕಣೇ, ಬಂದೆ!" ಎಂದು ಸದ್ದಿಲ್ಲದ ಮೇಸ್ತ್ರಿ ಅಕ್ಕನ ಗಂಟಲಿನಲ್ಲಿ ಕೂಗಿದ.