ಎರಡನೇ ಸಹಿ

"ಯಾರು ಅಂತ ಮೊದಲ ಬಾಗಲದಾಗ ಕೇಳಬೇಕವಾ! ಒಳಗ ಕರ್ಕೊಂಡು, ಉಣ್ಣಾಕ ನೀಡಿ, ಆಮ್ಯಾಲ 'ನೀವ್ಯಾರ್ರಿ' ಅಂದ್ರ ಖರ್ಚು ಯಾರು ಕೊಡ್ತಾರ?" ಎಂದು ಕರೆಪ್ಪ, ಬೆಳಗಾವಿಯಿಂದ ಕಲಿಯಲು ಬಂದಿದ್ದ ಸಮೃದ್ಧಿಗೆ ಸ್ಮಾರ್ಟ್ ಕಾಂಟ್ರಾಕ್ಟ್ ಬರೆಯುವುದನ್ನು ಕಲಿಸುತ್ತಿದ್ದ. ಬ್ಲಾಕ್‌ಚೈನಿನಲ್ಲಿ ಓಡುವ ಆ ಪ್ರೋಗ್ರಾಮಿನ ಪ್ರತಿ ಹೆಜ್ಜೆಗೂ ಶುಲ್ಕ ಬೀಳುವುದರಿಂದ, ಅಧಿಕಾರವಿಲ್ಲದವರನ್ನು ಮೊದಲ ಸಾಲಿನಲ್ಲೇ ಹೊರಹಾಕಬೇಕೆಂಬುದು ಅವನ ಹಟ. ಖಾನಾಪುರದ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂತು ದೂರದೇಶದವರ ಕೋಡ್ ತಪಾಸಣೆ ಮಾಡುವ ಈ ಮಹಾಶಯ, ದಿನಾ ಬರುವ ಹಾಲಿನವನನ್ನೂ "ಯಾರ್ರಿ?" ಎನ್ನದೆ ಒಳಗೆ ಬಿಡುವವನಲ್ಲ, ಬೆಕ್ಕು ಬಂದರೂ ಗುರುತು ಕೇಳುವವನೇ! "ಎಲ್ಲಾ ಅಧಿಕಾರ ಒಬ್ಬನ ಕೈಯಾಗ ಕೊಡಬ್ಯಾಡ್ರಿ, ಇಬ್ಬರ ಸಹಿ ಇರ್ಲಿ" ಎಂಬುದು ಎಲ್ಲರಿಗೂ ಅವನು ಹೇಳುವ ಬುದ್ಧಿ. ಅವನ ಸ್ವಂತ ಕಾಂಟ್ರಾಕ್ಟಿನಲ್ಲಿ ಏನು ಬದಲಿಸಲೂ ಹಾಗೆಯೇ ಇಬ್ಬರು ತಮ್ಮ ತಮ್ಮ ಫೋನಿನಲ್ಲಿ ಒಪ್ಪಬೇಕು, ಅದೇ ಸಹಿ. ಇವತ್ತು ಅವನು ಒಂದು ಫೋನಿನಲ್ಲಿ ಒಪ್ಪಿಗೆ ಒತ್ತಿ, ಎದ್ದು ಹೋಗಿ, ಕಿಟಕಿಯಲ್ಲಿದ್ದ ಇನ್ನೊಂದು ಫೋನಿನಲ್ಲೂ ತಾನೇ ಒತ್ತಿದ. "ಅಯ್ಯ ಅಣ್ಣಾ, ಇಬ್ಬರೂ ನೀವ ಏನ್ರಿ? ಇದೆಂಥಾ ಸೇಫ್ಟಿ!" ಎಂದು ಸಮೃದ್ಧಿ ಬಿದ್ದು ಬಿದ್ದು ನಕ್ಕಳು. ಅವನು ನಗಲಿಲ್ಲ. "ಗೊತ್ತೈತಿ, ತಪ್ಪು. ಆದ್ರ ಎರಡನೇದವ್ರು ಅಂತ ಯಾರನ್ನ ಹಾಕ್ಲಿ, ನೀನ ಹೇಳು." ಅವಳು ಎದ್ದು ಹೋಗಿ ಕಿಟಕಿಯಲ್ಲಿದ್ದ ಫೋನನ್ನು ಕೈಗೆತ್ತಿಕೊಂಡಳು. "ನನ್ನ ಹಾಕ್ರಿ. ಮುಂದಿನ ರವಿವಾರ ಬೆಳಗಾವಿಯಿಂದ ಮುಂಜಾನೆ ಗಾಡಿಗೇ ಬರ್ತೇನ್ರಿ, ಖರೇ."