ಇಸ್ತ್ರಿಮಾವನ ಮನೆತನದ ಹೆಸರು

ಅಂದು ಬೆಳಿಗ್ಗೆಯಿಂದ ಇಸ್ತ್ರಿಮಾವ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದ. ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಹೋಟೆಲಿನ ಗಾಡಿಗೆ ಹಾಕಿಸಿದ, ಆಮೇಲೆ ಅದನ್ನು ಬೇರೆ ಯಾರೋ ಹಾಕಿಸಿದರೆಂಬಂತೆ ರೇಗಿದ. ಬಿಸಿ ರೋಲರಿಗೆ ಒಂದು ಚಾದರವನ್ನು ಮಡಿಕೆ ಬಿಡಿಸದೆ ತೂರಿಸಿಬಿಟ್ಟ. ಮೂವತ್ತಾರು ವರ್ಷ ಈ ಲಾಂಡ್ರಿ ಕಾರ್ಖಾನೆಯಲ್ಲಿ ಊರವರ ಬಟ್ಟೆಯ ಸುಕ್ಕು ತೆಗೆದವನು, ಈಗ ವಿಭಾಗದ ಮೇಲ್ವಿಚಾರಕ; ಅವನ ಕೈಯಲ್ಲೇ ಇಂಥ ಕೆಲಸವೆಂದರೆ ಜನ ನಗದೆ ಇರುತ್ತಾರೆಯೇ?

"ಏನ್ ಮಾವ, ಮೊಮ್ಮಗಳು ಹುಟ್ಟಿದ ಖುಷೀಲಿ ಕಾಲು ನೆಲದ ಮೇಲೆ ನಿಲ್ತಿಲ್ಲ?" ಎಂದು ಮಡಿಸುವ ಮೇಜಿನ ಹೆಂಗಸು ಕೇಳಿದಳು.

ಅವನು ಹ್ಞೂಂ ಅಂದು ಮುಂದೆ ಹೋದ. ಅವನಿಗೆ ಖುಷಿಯಾಗಿರಲಿಲ್ಲ ಎಂದಲ್ಲ. ಆದರೆ ಆ ಖುಷಿಯನ್ನು ಹಿಂದಿನ ಸಂಜೆ ಮಗಳೇ ಕೆಡಿಸಿಟ್ಟಿದ್ದಳು, ಪಾಪ, ಅವನಿಗೆ ಸಂತೋಷವಾಗಲಿ ಎಂದುಕೊಂಡೇ.

ಮಗಳು ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್. ಕೆಲಸ ಹುಡುಕುವಾಗ ಅರ್ಜಿಯ ಮೇಲೆ ಹೆಣ್ಣಿನ ಹೆಸರು ಕಂಡ ಕೂಡಲೇ ಅದನ್ನು ಪಕ್ಕಕ್ಕಿಟ್ಟವರು ಒಬ್ಬಿಬ್ಬರಲ್ಲ. ಹಾಗಾಗಿ ಹೊಟ್ಟೆಯಲ್ಲಿ ಮಗು ಇದ್ದಾಗಲೇ ಅವಳ ಹಟ: ಗಂಡೋ ಹೆಣ್ಣೋ ಎಂದು ಯಾರಿಗೂ ಗೊತ್ತಾಗದ ಹೆಸರೇ ಆಗಬೇಕು. ಒಂಬತ್ತು ತಿಂಗಳು ತಲೆ ಕೆರೆದುಕೊಂಡು, ಮಗು ಹುಟ್ಟಿ ಐದನೇ ದಿನಕ್ಕೆ ಅವಳಿಗೆ ಹೊಳೆದದ್ದು ಅಪ್ಪನ ಮನೆತನದ ಹೆಸರು. "ನಾನೊಬ್ಳೇ ಮಗಳು. ನಿನ್ನ ಮನೆತನದ ಹೆಸರು ನನ್ನ ಜೊತೆ ನಿಂತುಹೋಗುತ್ತೆ. ಅದನ್ನೇ ಇವಳಿಗೆ ಇಡೋಣ. ನಮ್ಮನೆಯವರೂ ಒಪ್ಪಿದ್ದಾರೆ. ನಾಳೆ ಐದು ಗಂಟೆಯೊಳಗೆ ಜನನ ನೋಂದಣಿ ಕಚೇರಿಗೆ ಅರ್ಜಿ ಕೊಟ್ಬಿಡಪ್ಪ," ಎಂದಿದ್ದಳು. ಮುಖ ಹೂವಿನಂತೆ ಅರಳಿತ್ತು.

ಆ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಅದರ ನಿಜವಾದ ಯಜಮಾನ ಎಲ್ಲಾದರೂ ಬದುಕಿದ್ದರೆ ಅವನ ಮನಸ್ಸು ನೋಯಬಾರದಲ್ಲ.

ಹೌದು, ಅದು ಇಸ್ತ್ರಿಮಾವನದಲ್ಲ. ಅವನಿಗೆ ಇಪ್ಪತ್ತೆರಡು ತುಂಬಿದ ವರ್ಷ, ಇದೇ ಕಾರ್ಖಾನೆಯ ಗೇಟಿನ ಮುಂದೆ ನೂರಾರು ಜನರ ನಡುವೆ ನಿಂತಿದ್ದ. ಒಳಗೆ ಒಂದೇ ಹೆಸರಿನವರು ನಾಲ್ಕೈದು ಜನ ಇರುತ್ತಿದ್ದುದರಿಂದ ಇಲ್ಲಿ ಎಲ್ಲರನ್ನೂ ಕರೆಯುವುದು ಮನೆತನದ ಹೆಸರಿನಿಂದಲೇ. ಫೋರ್‌ಮನ್ ಕೈಯಲ್ಲಿದ್ದ, ಕೆಲಸಕ್ಕೆ ಆರಿಸಿದವರ ಪಟ್ಟಿಯಲ್ಲೂ ಅಷ್ಟೇ ಇತ್ತು. ಒಂದು ಹೆಸರನ್ನು ಅವನು ಮೂರು ಸಲ ಕೂಗಿದ. ಯಾರೂ ಓಗೊಡಲಿಲ್ಲ. ಎರಡು ದಿನದಿಂದ ಹೊಟ್ಟೆಗೆ ಸರಿಯಾಗಿ ಇಲ್ಲದ ಇವನು ಕೈ ಎತ್ತಿ "ಇದ್ದೀನಿ ಸಾರ್" ಅಂದುಬಿಟ್ಟ. ಒಳಗೆ ಗುಮಾಸ್ತ "ಸ್ವಂತ ಹೆಸರು?" ಎಂದಾಗ ತನ್ನದನ್ನೇ ಹೇಳಿದ. ಅರ್ಧ ನಿಜ, ಅರ್ಧ ಕದ್ದದ್ದು. ಆ ಕದ್ದ ಅರ್ಧ ಹಾಜರಿ ಪುಸ್ತಕಕ್ಕೆ ಹೋಯಿತು, ಅಲ್ಲಿಂದ ಮದುವೆಯ ಕಾಗದಕ್ಕೆ, ಮಗಳ ಶಾಲೆಗೆ. ಹೆಂಡತಿ ನಾಲ್ಕು ವರ್ಷದ ಹಿಂದೆ ತೀರಿಕೊಂಡಳು. ಅವಳಿಗೂ ಅವನು ಬಾಯಿ ಬಿಟ್ಟಿರಲಿಲ್ಲ.

ಈಗ ಅದು ಮಗುವಿನ ನೆತ್ತಿಯ ಮೇಲೆ ಕೂರಲು ಹೊರಟಿದೆ. ಹೇಳದಿದ್ದರೆ ಮೊಮ್ಮಗಳು ಜೀವನವಿಡೀ ಕದ್ದ ಹೆಸರು ಹೊರಬೇಕು. ಹೇಳಿದರೆ, ಅಪ್ಪ ಎಂದರೆ ಪ್ರಾಣ ಬಿಡುವ ಮಗಳ ಕಣ್ಣಲ್ಲಿ ಅವನೇನಾಗುತ್ತಾನೆ? ನುಂಗಲೂ ಆಗದೆ ಉಗುಳಲೂ ಆಗದೆ ಮಧ್ಯಾಹ್ನದವರೆಗೆ ಒದ್ದಾಡಿದ. ಮೂರು ಸಲ ಮುಖ ತೊಳೆದ. ಎರಡು ಗಂಟೆಗೆ ಅರ್ಧ ದಿನದ ರಜೆ ಬರೆದು, ಬಸ್ಸಿಗೂ ಕಾಯದೆ ಮಗಳ ಮನೆಗೆ ನಡೆದೇ ಹೊರಟ. ಒಂದು ತಿರುವಿನಲ್ಲಿ ನಿಂತು, ಕಚೇರಿಗೇ ಹೋಗಿ ಸುಮ್ಮನೆ ಕೊಟ್ಟುಬಿಡಲೇ ಎಂದುಕೊಂಡ. ಅರ್ಜಿ ಮಗಳ ಹತ್ತಿರವೇ ಇದೆ ಎಂಬುದು ಆಮೇಲೆ ನೆನಪಾಯಿತು.

ಮಗಳು ಮಂಚದ ಮೇಲೆ ಕಾಲು ನೀಡಿ ಕೂತು ಮಗುವಿಗೆ ತೇಗು ಬರಿಸುತ್ತಿದ್ದಳು. ಅರ್ಜಿ ದಿಂಬಿನ ಪಕ್ಕದಲ್ಲಿತ್ತು, ಎಲ್ಲ ತುಂಬಿ, ಹೆಸರಿನ ಜಾಗವೊಂದನ್ನು ಖಾಲಿ ಬಿಟ್ಟಿದ್ದಳು.

"ನಿನ್ನ ಹೆಸರಲ್ವಾ, ನೀನೇ ಬರಿ ಅಂತ ಬಿಟ್ಟಿದ್ದೀನಿ," ಎಂದಳು.

"ಅದು ನನ್ನ ಹೆಸರಲ್ಲಮ್ಮ," ಅಂದ ಇಸ್ತ್ರಿಮಾವ. ಕೂರಲೂ ಇಲ್ಲ. ಕಿಟಕಿಗೂ ಬಾಗಿಲಿಗೂ ಅಡ್ಡಾಡುತ್ತ, ಮಧ್ಯೆ ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲವೇನೋ ಎಂಬಂತೆ ಗೇಟಿನ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

ಮಗಳು ಮಗುವಿನ ಬೆನ್ನು ತಟ್ಟುವುದನ್ನು ನಿಲ್ಲಿಸಿದಳು. ಆಮೇಲೆ ಕೇಳಿದಳು: "ಆ ಮನುಷ್ಯ ಬಂದನಾ?"

"ಬಂದ. ಹತ್ತು ನಿಮಿಷ ತಡ ಆಗಿತ್ತು ಅಷ್ಟೇ. ಕೈಯಲ್ಲಿ ಊಟದ ಚೀಲ ಇತ್ತು. ಆ ಹೆಸರಿನವನು ಆಗಲೇ ಒಳಗೆ ಹೋದ ಅಂತ ಕಾವಲುಗಾರ ಅವನನ್ನ ವಾಪಸ್ ಕಳಿಸಿದ. ನಾನು ಒಳಗಿಂದ ನೋಡ್ತಾ ಇದ್ದೆ."

"ನೋಡ್ಕೊಂಡು ಸುಮ್ನೆ ಇದ್ಯಾ?"

"ಇದ್ದೆ."

"ಅಮ್ಮಂಗೂ ಹೇಳಲಿಲ್ಲ."

"ಇಲ್ಲ."

ಅವಳ ಮುಖ ಕೆಂಪಾಯಿತು. ಇವನು ಇದಕ್ಕೇ ಹೆದರಿದ್ದು. ಆದರೆ ಶುರು ಮಾಡಿದ ಮೇಲೆ ಉಳಿದದ್ದನ್ನೂ ಹೇಳದೆ ಇರಲಾಗಲಿಲ್ಲ.

"ಅದರ ಶಿಕ್ಷೆ ಆಗಿದೆ ಕಣಮ್ಮ. ಒಂದು ವರ್ಷ ಆದ ಮೇಲೆ ನಮ್ಮಪ್ಪ ನನ್ನ ಹುಡುಕ್ಕೊಂಡು ಬಂದ್ರಂತೆ, ಅದೇ ಗೇಟಿಗೆ. ನಮ್ಮ ಮನೆತನದ ಹೆಸರು ಹೇಳಿ ಕೇಳಿದ್ದಾರೆ. ಆ ಹೆಸರಿನವರು ಯಾರೂ ಇಲ್ಲಿಲ್ಲ ಅಂದನಂತೆ ಕಾವಲುಗಾರ. ಸಂಜೆವರೆಗೂ ಕೂತಿದ್ದು ಹೋದ್ರಂತೆ. ಯಾರೋ ಮುದುಕ ಬಂದಿದ್ದ ಅಂತ ನನಗೆ ಗೊತ್ತಾಗಿದ್ದು ಮಾರನೇ ದಿನ. ನಾನು ಊರು ಸೇರೋ ಹೊತ್ತಿಗೆ ಅವರು ಹೋಗ್ಬಿಟ್ಟಿದ್ರು. ಸಾಯೋ ಮುಂಚೆ ಒಂದ್ಸಲ ನೋಡಿ ಹೋಗೋಣ ಅಂತ ಬಂದಿದ್ದಂತೆ."

ಅವನು ಅಳುತ್ತಿದ್ದ. ಮಗಳು ಎಂದೂ ನೋಡಿರದ ಅಳು.

ಅವಳು ಸಮಾಧಾನ ಮಾಡಲಿಲ್ಲ. ಮಗುವನ್ನು ಭುಜದಿಂದ ಇಳಿಸಿ ಮಡಿಲಿಗೆ ಹಾಕಿಕೊಂಡಳು. "ನನಗೆ ನಿನ್ನ ಮೇಲೆ ತುಂಬಾ ಸಿಟ್ಟಿದೆ," ಎಂದಳು. "ಆ ಊಟದ ಚೀಲದವನ ಮನೇಲಿ ಅವತ್ತು ಏನಾಯ್ತೋ. ಅದನ್ನ ನಾನು ಇಷ್ಟು ಬೇಗ ಮರೆಯಲ್ಲ. ಆ ಹೆಸರು ಇವಳಿಗೆ ಬೇಡ, ಅದು ಅವನ ಮೊಮ್ಮಕ್ಕಳದು. ತಾತ ಯಾವ ಹೆಸರು ಹೇಳಿ ಕೇಳಿದ್ರು ಗೇಟಲ್ಲಿ? ಹೇಳು."

ಅವನು ಹೇಳಿದ. ಎರಡೇ ಅಕ್ಷರದ, ಗಂಡಿಗೂ ಹೆಣ್ಣಿಗೂ ಒಗ್ಗುವ ಹೆಸರು. ಅವಳು ಅದನ್ನು ಒಂದೆರಡು ಸಲ ಬಾಯಲ್ಲಿ ಆಡಿಸಿ ನೋಡಿ, ಅರ್ಜಿಯನ್ನೂ ಪೆನ್ನನ್ನೂ ಅವನತ್ತ ತಳ್ಳಿದಳು. "ಬೇಗ ಹೊರಡು, ನಾಲ್ಕಾಯ್ತು," ಎಂದಳು.

ನೋಂದಣಿ ಕಚೇರಿಯಲ್ಲಿ ಉದ್ದನೆಯ ಸಾಲಿತ್ತು. ಅವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ, ಗೋಡೆಯ ಗಡಿಯಾರ ನೋಡುತ್ತ ನಿಂತ. ಐದಕ್ಕೆ ಐದು ನಿಮಿಷ ಇರುವಾಗ ಅವನ ಸರದಿ ಬಂತು. ಕಿಟಕಿಯ ಆಚೆಯ ಹುಡುಗಿ ಅರ್ಜಿಯ ಮೇಲೆ ಕಣ್ಣಾಡಿಸಿ ಹುಬ್ಬೇರಿಸಿದಳು.

"ಹೆಣ್ಣು ಮಗು ಅಂತ ಬರೆದಿದ್ದೀರಿ, ಹೆಸರು ಮನೆತನದ್ದಿದ್ದ ಹಾಗಿದೆ. ಅರ್ಜಿಯಲ್ಲಿರೋ ತಂದೆ-ತಾಯಿ ಯಾರದೂ ಇದಲ್ವಲ್ಲ. ಯಾರದು ಯಜಮಾನ್ರೇ ಇದು?"

ಹಿಂದಿನವರು ತಿರುಗಿ ನೋಡುವಷ್ಟು ಜೋರಾಗಿ ಇಸ್ತ್ರಿಮಾವ ಹೇಳಿದ: "ನಮ್ಮಪ್ಪನದು, ತಾಯಿ. ನಾನು ಅವರ ಮಗ."