ಮಿಷನ್ನಿಗೆ ಪೂಜೆ ಆಗೈತೆ

ನವಣೆಯ ಹೊಟ್ಟಿನ ವಾಸನೆ ಒಮ್ಮೆ ಸೀರೆಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಮೊನ್ನೆ ಊರಿನ ನಮ್ಮ ನವಣಕ್ಕಿ ಘಟಕದಿಂದ ಮನೆಗೆ ಬಂದು ಸೆರಗು ಕೊಡವಿದಾಗ ಮೇಡಂ ನೆನಪಾದರು. ಅವರ ಸೀರೆಗೂ ಇದೇ ವಾಸನೆ ಇರುತ್ತಿತ್ತು... ಸ್ಟಾಫ್ ರೂಮಿನಲ್ಲಿ ಕೆಲವರು ಮೂಗು ಮುರಿಯುತ್ತಿದ್ದರು. ಮೇಡಂ ಕ್ಯಾರೇ ಅನ್ನುತ್ತಿರಲಿಲ್ಲ.

ನಾನು ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವಾಗ ಅವರು ಅರ್ಥಶಾಸ್ತ್ರ ಪಾಠ ಹೇಳುತ್ತಿದ್ದರು. ಹೊನ್ನಾಳಿ ಕಡೆಯವರು, ಮಾತೂ ಆ ಕಡೆಯದೇ. ನನ್ನದು ಜಗಳೂರು ತಾಲ್ಲೂಕಿನ ಸೊಕ್ಕೆ ಎಂದು ತಿಳಿದ ದಿನವೇ, "ನಿಮ್ಮೂರಾಗೆ ನವಣೆ ಯಾರು ಕುಟ್ತಾರೆ?" ಎಂದು ಕೇಳಿದರು. ಯಾರೂ ಕುಟ್ಟುತ್ತಿರಲಿಲ್ಲ. ರಟ್ಟೆ ಸೋತ ಹೆಂಗಸರು ಕಾಳನ್ನು ಹಾಗೇ ವ್ಯಾಪಾರಿಗೆ ಸುರಿಯುತ್ತಿದ್ದರು. ಹೊಟ್ಟು ಬಿಡಿಸಿ ಅಕ್ಕಿಯಾದ ಮೇಲಿನ ಲಾಭವೆಲ್ಲ ಅವನದು. ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಹೊಟ್ಟು ಬಿಡಿಸುವ ಯಂತ್ರವೊಂದು ಮುಸುಕು ಹೊದ್ದು ಮಲಗಿತ್ತು. ಮೇಡಂ ಜಗಳವಾಡಿ ಅದನ್ನು ನಮ್ಮೂರಿಗೆ ತಂದರು. ದೊಡ್ಡವರು ಬಂದು ರಿಬ್ಬನ್ ಕತ್ತರಿಸಿ ಫೋಟೊ ತೆಗೆಸಿಕೊಂಡರು. ಅವ್ವನ ಸ್ವಸಹಾಯ ಗುಂಪಿನವರು ನವಣಕ್ಕಿ ಮಾಡಿ ಜಗಳೂರಿನ ಸಂತೆಯಲ್ಲಿ ತಾವೇ ಮಾರತೊಡಗಿದರು.

ವರ್ಷ ತುಂಬುವ ಮೊದಲೇ ಯಂತ್ರ ಒಯ್ಯಲು ವಿಶ್ವವಿದ್ಯಾಲಯದ ವ್ಯಾನು ಬಂತು. ತಪಾಸಣೆಗೆ ಬರುವ ತಂಡಕ್ಕೆ ಅದನ್ನು ಲ್ಯಾಬಿನಲ್ಲಿ ತೋರಿಸಬೇಕಂತೆ! ಹಳ್ಳಿ ಉದ್ಧಾರ ಮಾಡಿದ್ದನ್ನು ತೋರಿಸಲು ಹಳ್ಳಿಯಿಂದಲೇ ಕಿತ್ತುಕೊಂಡು ಹೋಗುವ ಜಾಣತನ ನೋಡಿ. ಹೋದರೆ ತಿರುಗಿ ಬಾರದೆಂದು ಎಲ್ಲರಿಗೂ ಗೊತ್ತಿತ್ತು. ಅವತ್ತು ಮೇಡಂ ಊರಲ್ಲೇ ಇದ್ದರು. ಅವ್ವನ ಕಡೆ ತಿರುಗಿ, "ಅಮ್ಮಾರೆ, ಕುಂಕುಮ, ಬೂದುಗುಂಬಳ ತರ್ರಿ. ಇವತ್ತೇ ನಮ್ಮ ಆಯುಧ ಪೂಜೆ" ಎಂದರು.

ದಸರಾ ಇನ್ನೂ ಎಷ್ಟೋ ದೂರವಿತ್ತು. ಆದರೂ ಅವ್ವ ಯಂತ್ರಕ್ಕೆ ವಿಭೂತಿ ಬಳಿದು, ಮಾವಿನೆಲೆ ಕಟ್ಟಿ, ಕುಂಬಳಕಾಯಿ ಒಡೆದಳು. ಪೂಜೆಗಿಟ್ಟ ಆಯುಧವನ್ನು ಅವತ್ತೇ ಕದಲಿಸುವವರು ನಮ್ಮ ಕಡೆ ಇಲ್ಲ. ಡ್ರೈವರು ಹಿಂದೆ ಸರಿದು, ಜೊತೆಗೆ ಬಂದಿದ್ದ ಅಧಿಕಾರಿಗೆ, "ಮಿಷನ್ನಿಗೆ ಪೂಜೆ ಆಗೈತೆ ಸಾರ್, ನಾನಂತೂ ಮುಟ್ಟಾಕಿಲ್ಲ" ಎಂದ.

"ನಾಳೆ ಬರ್ತೀವಿ" ಎಂದು ಅಧಿಕಾರಿ ಗುಡುಗಿದರು.

"ಬರ್ರಿ. ನಾಳೆನೂ ಪೂಜೆ ಐತೆ" ಎಂದರು ಮೇಡಂ.

ವ್ಯಾನು ಮತ್ತೆ ಬರಲಿಲ್ಲ. ಮೇಡಂಗೆ ನೋಟಿಸು ಬಂತು. ಕ್ಷಮೆ ಕೇಳಿದರೆ ಮುಗಿಯಿತು ಎಂದವರಿಗೆ, "ಯಾರನ್ನ ಕೇಳ್ಲಿ? ಸೊಕ್ಕೆ ಹೆಣ್ಮಕ್ಕಳನ್ನಾ?" ಎಂದರಂತೆ. ದೂರದ ಸ್ನಾತಕೋತ್ತರ ಕೇಂದ್ರಕ್ಕೆ ವರ್ಗವಾಯಿತು. ನಿವೃತ್ತಿಯವರೆಗೂ ಅವರನ್ನು ಅಲ್ಲೇ ಕೊಳೆಹಾಕಿದರು. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ...

ಕಳೆದ ತಿಂಗಳು ಮೇಡಂ ತೀರಿಕೊಂಡರು. ಮೊನ್ನೆ ಅದೇ ವಿಶ್ವವಿದ್ಯಾಲಯದಿಂದ ನನಗೆ ಕರೆ ಬಂತು. ನಾಡಿನ ಆರ್ಥಿಕ ಬೆಳವಣಿಗೆಯಲ್ಲಿ ವಿಶ್ವವಿದ್ಯಾಲಯಗಳ ಪಾತ್ರದ ಬಗ್ಗೆ ವಿಚಾರ ಸಂಕಿರಣವಂತೆ. ನಮ್ಮ ಘಟಕವನ್ನು ವಿಶ್ವವಿದ್ಯಾಲಯದ ಸಾಧನೆಯೆಂದು ನಾನು ವರ್ಣಿಸಬೇಕಂತೆ. "ಹಳೇದೆಲ್ಲ ಬೇಡ, ಪಾಸಿಟಿವ್ ಆಗಿ ಮಾತಾಡಿ" ಎಂದರು.

ಹೋಗುತ್ತೇನೆ. ಅವ್ವನನ್ನೂ ಗುಂಪಿನವರನ್ನೂ ಟೆಂಪೋದಲ್ಲಿ ಕರೆದುಕೊಂಡೇ ಹೋಗುತ್ತೇನೆ. ಮೇಡಂ ಕೇಳಿಸಿಕೊಳ್ಳಲು ಇಲ್ಲವಲ್ಲ ಎಂಬ ಸಂಕಟ ಬಹಳ ಇದೆ. ಇಲ್ಲಿ ಅವರ ಹೆಸರು ಬರೆದಿಲ್ಲ. ಅದನ್ನು ಅಲ್ಲಿ, ವಿಶ್ವವಿದ್ಯಾಲಯದವರ ಮೈಕಿನಲ್ಲೇ ಹೇಳುತ್ತೇನೆ.